ಕೂಗಿಗೆ ಗೀರು ಹಾಕಿಸಿದ ಕೊಕ್ಕರೆ

ಮಕ್ಕಳೇ, ಹೊನ್ನೆಮರಡಿ ಎಂಬ ಕಾಡಿನ ನಡುವೆ ಒಂದು ಕೊಳವಿತ್ತು. ಕಾಡು ಅಂದರೆ ಅಂತಿಂಥ ಕಾಡಲ್ಲ. ಅಲ್ಲಿಯ ಮರಗಳು ಎಷ್ಟು ಎತ್ತರವೆಂದರೆ, ತುದಿಯಿಂದ ಹಸಿರಾಗಿ ಉದುರಿದ ಎಲೆ ನೆಲ ಮುಟ್ಟುವಷ್ಟರಲ್ಲಿ ಹಣ್ಣಾಗಿ, ಒಣಗಿ, ಅರ್ಧ ಗೊಬ್ಬರವೇ ಆಗಿರುತ್ತಿತ್ತು. ನಂಬದವರು ಹೋಗಿ ಅಳೆದುಕೊಂಡು ಬರಬಹುದು.

ಆ ಕಾಡಿನಲ್ಲಿ ಕುಚ್ಚಣ್ಣ ಎಂಬ ಕಾಜಾಣ ಹಕ್ಕಿ ಇದ್ದ. ಮೈ ಇದ್ದಿಲಿನಂತೆ ಕಪ್ಪು. ಬಾಲದಲ್ಲಿ ಎರಡು ಉದ್ದ ತಂತಿ, ತಂತಿಯ ತುದಿಗೆ ಒಂದೊಂದು ಕುಚ್ಚು. ಬೇರೆಯವರ ದನಿ ಮಾಡುವುದರಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ಅವನು ಕಾಡುಬೆಕ್ಕಿನ ಹಾಗೆ ಕೂಗಿದರೆ, ಕಾಡುಬೆಕ್ಕೇ ಕಿವಿ ನಿಮಿರಿಸಿ ಕೇಳಿ, "ಓ, ಹೀಗೋ!" ಎಂದು ತನ್ನ ದನಿ ತಿದ್ದಿಕೊಳ್ಳುತ್ತಿತ್ತು.

ಬೆಳಗಾದರೆ ಸಣ್ಣ ಹಕ್ಕಿಗಳೆಲ್ಲ ಒಟ್ಟಾಗಿ ಹುಳ ಹುಡುಕಲು ಹೊರಡುವುದು ಆ ಕಾಡಿನ ವಾಡಿಕೆ. ನೆಲದ ಮೇಲೆ ಹರಟೆಮಲ್ಲ ಹಕ್ಕಿಗಳು ತರಗೆಲೆ ಕೆದಕುತ್ತಿದ್ದವು. ಅವರು ಏಳು ಜನ ಅಕ್ಕತಂಗಿಯರು. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ಕಾಂಡದ ಮೇಲೆ ಮರಕುಟಿಗ ತೊಗಟೆಯೊಳಗೆ ಮೂತಿ ತೂರಿಸಿಕೊಂಡಿರುತ್ತಿದ್ದ. ಎಲ್ಲರ ತಲೆಯೂ ಕೆಲಸದಲ್ಲಿ ಮುಳುಗಿದ್ದರೆ, ಆಕಾಶದಿಂದ ಜುಟ್ಟಿನ ಗಿಡುಗ ಇಳಿಯುವುದನ್ನು ನೋಡುವವರು ಯಾರು?

ಕುಚ್ಚಣ್ಣ ನೋಡುತ್ತಿದ್ದ. ಎತ್ತರದ ಕೊಂಬೆಯಲ್ಲಿ ಕೂತು, ಗಿಡುಗ ಕಂಡ ತಕ್ಷಣ ಕೂಗುತ್ತಿದ್ದ: ಎರಡು ಗಿಡ್ಡ ಕೂಗು, ಆಮೇಲೆ ಒಂದು ಉದ್ದ ಕೂಗು. ಅದನ್ನೇ ಹರಟೆಮಲ್ಲನ ದನಿಯಲ್ಲಿ ಒಮ್ಮೆ, ಮರಕುಟಿಗನ ದನಿಯಲ್ಲಿ ಒಮ್ಮೆ, ಅಳಿಲಿನ ದನಿಯಲ್ಲಿ ಒಮ್ಮೆ. ಯಾರಿಗೆ ಯಾವ ಭಾಷೆ ತಿಳಿಯುತ್ತದೋ ಅದರಲ್ಲಿ ತಿಳಿಯಲಿ ಎಂದು. ನಡುವೆ ಬೇರೆ ಎಳೆತ, ಬೈಗುಳಗಳನ್ನೂ ಸೇರಿಸಿ, ಒಂದು ಉಸಿರಿಗೆ ಕೂಗಿನ ಹದಿನೇಳು ತುಂಡು! ಕ್ಷಣದಲ್ಲಿ ಎಲ್ಲರೂ ಪೊದೆಯೊಳಗೆ.

ಈ ಹದಿನೇಳು ತುಂಡುಗಳಲ್ಲಿ ಕುಚ್ಚಣ್ಣ ತಾನಾಗಿ ಕಟ್ಟಿದ್ದು ಒಂದೋ ಎರಡೋ. ಎರಡು ಗಿಡ್ಡ ಒಂದು ಉದ್ದ ಎಂಬುದು ಅವನ ಅಜ್ಜಿಯ ಕಾಲದ್ದು. ಅದಕ್ಕೂ ಹಿಂದಿನದೋ ಏನೋ. ಉಳಿದದ್ದು ಅವರಿವರಿಂದ ಬಂದದ್ದು. ಇವನಿಂದ ಮೈನಾ ಕಲಿತು, ತನ್ನದೊಂದು ಬಾಲ ಸೇರಿಸಿತ್ತು. ಮೈನಾದಿಂದ ಪಿಕಳಾರ ಕಲಿತು, ಆ ಬಾಲವನ್ನು ಸ್ವಲ್ಪ ಕತ್ತರಿಸಿತ್ತು. ಚೆನ್ನಾಗಿದೆಯಲ್ಲ ಎಂದು ಕುಚ್ಚಣ್ಣ ಅದನ್ನು ತಿರುಗಿ ತಾನು ತೆಗೆದುಕೊಂಡಿದ್ದ. ಯಾರೂ ಯಾರನ್ನೂ ಕೇಳಿರಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆದಿರಲೂ ಇಲ್ಲ.

ಆದರೆ ಕೊಳದಲ್ಲಿ ಧ್ಯಾನಪ್ಪ ಎಂಬ ಕೊಕ್ಕರೆ ಇದ್ದ. ಒಂಟಿಕಾಲಲ್ಲಿ ನಿಂತು ಕಣ್ಣು ಅರೆಮುಚ್ಚಿ, ಇಡೀ ಲೋಕದ ಭಾರ ಹೊತ್ತವನಂತೆ ಕಾಣುತ್ತಿದ್ದ. ಕೊಕ್ಕರೆಗೆ ಗಂಟಲಿಲ್ಲ. ಪಿಸುಗುಟ್ಟಬಲ್ಲ, ಕೊಕ್ಕನ್ನು ಕಟಕಟ ಬಡಿಯಬಲ್ಲ, ಅಷ್ಟೇ. ಹುಟ್ಟಿದ ಮೇಲೆ ಒಂದು ಕೂಗು ಹಾಕಿದವನಲ್ಲ. ಎಲ್ಲರ ಕೂಗನ್ನೂ ಕೇಳಿಸಿಕೊಂಡು ಕೇಳಿಸಿಕೊಂಡು ಅವನಿಗೊಂದು ಯೋಚನೆ ಬಂತು.

ಆ ಕಾಡಿನಲ್ಲಿ ಯಾವ ಪೊಟರೆ ಯಾರದು ಎಂದು ತೀರ್ಮಾನಿಸುತ್ತಿದ್ದವರು ಕರಡಿರಾಯರು. ನೇರಳೆ ಮರದ ಬುಡದಲ್ಲಿ ಕೂತು, ಬಂದವರ ಮಾತು ಕೇಳಿ, ಮರದ ತೊಗಟೆಗೆ ಉಗುರಿನಿಂದ ಒಂದು ಗೀರು ಎಳೆದರೆ ಮುಗಿಯಿತು. ಗೀರು ಇದ್ದ ಪೊಟರೆಗೆ ಬೇರೆಯವರು ನುಗ್ಗಿದರೆ, ರಾಯರು ಹೋಗಿ ನುಗ್ಗಿದವನ ಮರವನ್ನು ಹಿಡಿದು ಅಲುಗಿಸುತ್ತಿದ್ದರು, ಗೂಡು ಉದುರುತ್ತಿತ್ತು. ಒಂದು ಪೊಟರೆಯಲ್ಲಿ ಎರಡು ಸಂಸಾರ ಹಿಡಿಸುವುದಿಲ್ಲವಾದ್ದರಿಂದ ಇದು ನ್ಯಾಯವಾಗಿಯೇ ಇತ್ತು.

ಒಂದು ಮಧ್ಯಾಹ್ನ ಧ್ಯಾನಪ್ಪ ಕೊಕ್ಕಿನಲ್ಲಿ ಜೇನುಹುಟ್ಟಿನ ಚೂರು ಕಚ್ಚಿಕೊಂಡು ಬಂದ. ಮೇಲಿನ ಕೊಂಬೆಯಲ್ಲಿ ಕುಚ್ಚಣ್ಣ ನೊಣ ಹಿಡಿಯುತ್ತಿದ್ದ.

"ರಾಯರೇ, ಒಂದು ಗೀರು ಬೇಕಿತ್ತು," ಎಂದು ಕೊಕ್ಕರೆ ಪಿಸುಗುಟ್ಟಿದ.

"ಯಾವ ಪೊಟರೆಗೆ?" ಕರಡಿರಾಯರು ಆಕಳಿಸಿದರು.

"ಪೊಟರೆಗಲ್ಲ, ಕೂಗಿಗೆ. ಎರಡು ಗಿಡ್ಡ, ಒಂದು ಉದ್ದ ಎಂಬ ಕ್ರಮಕ್ಕೆ. ಯಾರ ದನಿಯಲ್ಲಾದರೂ ಸರಿ, ಯಾವ ಮರದಿಂದಾದರೂ ಸರಿ, ಯಾವ ಕಾರಣಕ್ಕಾದರೂ ಸರಿ."

ರಾಯರು ಜೇನು ನೆಕ್ಕಿದರು. ಸುತ್ತಲಿನ ನಾಲ್ಕು ಮರಗಳ ತೊಗಟೆ ಮೂಸಿದರು. "ಈ ಕೂಗಿಗೆ ಹಿಂದೆ ಯಾರೂ ಗೀರು ಹಾಕಿಸಿಲ್ಲ. ಗೀರಿಲ್ಲ ಅಂದಮೇಲೆ ಇದು ಹೊಸದೇ."

ಕುಚ್ಚಣ್ಣನಿಗೆ ನಗು ಬಂತು. "ಹೊಸದೇ? ರಾಯರೇ, ನಮ್ಮಜ್ಜಿ ಕೂಗುತ್ತಿದ್ದದ್ದೇ ಅದು!"

"ನಿಮ್ಮಜ್ಜಿ ಗೀರು ಹಾಕಿಸಿದ್ದಳೇ?"

"ಇಲ್ಲ. ಕೂಗುತ್ತಿದ್ದಳು."

"ಕೂಗಿದ್ದು ಗಾಳಿಗೆ ಹೋಯಿತು. ಮೂಸಿ ನೋಡೋಕೆ ನನಗೆ ಏನಾದರೂ ಬೇಕಲ್ಲ ಮಾರಾಯ," ಎಂದ ರಾಯರು ಪರ್ರನೆ ಗೀರು ಎಳೆದೇಬಿಟ್ಟರು.

ಮನುಷ್ಯರಲ್ಲೂ ಇಂಥ ಗೀರು ಉಂಟು ಮಕ್ಕಳೇ. ಅದಕ್ಕೆ ಪೇಟೆಂಟ್ ಎನ್ನುತ್ತಾರೆ. ಕಂಪ್ಯೂಟರಿಗೆ ತಂತ್ರಾಂಶ ಬರೆದು, "ಯಾರು ಬೇಕಾದರೂ ತಗೊಳ್ಳಿ, ತಿದ್ದಿಕೊಳ್ಳಿ, ಮುಂದಕ್ಕೆ ಕೊಡಿ" ಎನ್ನುವ ಕುಚ್ಚಣ್ಣಂದಿರೂ ಮನುಷ್ಯರಲ್ಲಿದ್ದಾರೆ. ಅವರನ್ನು ಕೇಳಿದರೆ ಈ ಕತೆಯನ್ನು ಇನ್ನೂ ಉದ್ದ ಹೇಳಿಯಾರು. ನಾವು ಕಾಡಿಗೇ ಹೋಗೋಣ.

ಮಾರನೆಯ ಬೆಳಗ್ಗೆ ಕೊಕ್ಕರೆ ಕುಚ್ಚಣ್ಣನ ಮರದ ಕೆಳಗೆ ಹಾಜರು.

"ಇನ್ನು ಮೇಲೆ ಆ ಕೂಗು ಹಾಕಿದರೆ, ಕೇಳಿದವರ ತಲೆಗೊಂದರಂತೆ ಕಪ್ಪೆ ಕೊಡಬೇಕು," ಎಂದ.

"ಯಾರು ಯಾರು ಕೇಳಿದರು ಅಂತ ನನಗೇನು ಗೊತ್ತು ಧ್ಯಾನಪ್ಪನವರೇ? ನಾನು ಅವರಿಂದ ಒಂದು ಹುಳವನ್ನೂ ತಗೊಳ್ಳೋದಿಲ್ಲ. ನಿಮಗೆ ಎಲ್ಲಿಂದ ಕೊಡಲಿ?"

"ಅದು ನಿನ್ನ ಪಾಡು."

"ಅಲ್ಲ, ನೀವಂತೂ ಕೂಗುವುದಿಲ್ಲ. ನಾನು ಕೂಗಿದರೆ ನಿಮಗೇನು ಕಮ್ಮಿಯಾಗುತ್ತದೆ?"

"ಕೂಗುವುದು ನನ್ನ ಕೆಲಸವಲ್ಲ. ಕೂಗು ನನ್ನದು," ಎಂದು ಕೊಕ್ಕರೆ ಕಾಲು ಬದಲಿಸಿ ಹೊರಟುಹೋದ.

'ಹೋಗಲಿ, ಒಂದು ಉದ್ದ, ಎರಡು ಗಿಡ್ಡ ಮಾಡಿಕೊಂಡರಾಯಿತು' ಎಂದುಕೊಂಡ ಕುಚ್ಚಣ್ಣ. ಅಷ್ಟರಲ್ಲಿ ಸುದ್ದಿ ಹಬ್ಬಿ ಕಾಡಿಗೆ ಕಾಡೇ ನೇರಳೆ ಮರದ ಬುಡಕ್ಕೆ ಓಡಿತ್ತು. ಒಂದು ಉದ್ದ ಎರಡು ಗಿಡ್ಡವನ್ನು ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಗೀರಿಸಿಕೊಂಡಿದ್ದ. ಕೂಗಿನ ಕೊನೆಯನ್ನು ಮೇಲಕ್ಕೆ ಎಳೆಯುವುದನ್ನು ನವಿಲು. ಕೂಗುವ ಮೊದಲು ಉಸಿರು ಎಳೆದುಕೊಳ್ಳುವುದನ್ನು ಯಾರೋ ಗೀರಿಸಿದ್ದರಂತೆ. ಯಾರೆಂದು ತಿಳಿಯಲು ಇನ್ನೂ ನಲವತ್ತು ಮರ ನೋಡಬೇಕಿತ್ತು. ಕೊಕ್ಕರೆ, ಮಂಗಟ್ಟೆ, ನವಿಲು ಮೂವರೂ ಕೊಳದ ದಡದಲ್ಲಿ ಸೇರಿ, "ನಿನ್ನ ಗೀರಿನ ತಂಟೆಗೆ ನಾನು ಬರೋದಿಲ್ಲ, ನನ್ನ ಗೀರಿನ ತಂಟೆಗೆ ನೀನು ಬರಬೇಡ" ಎಂದು ಒಪ್ಪಂದ ಮಾಡಿಕೊಂಡರು. ಗೀರಿಲ್ಲದ ಕುಚ್ಚಣ್ಣನನ್ನು ಅಲ್ಲಿಗೆ ಯಾರು ಕರೆಯುತ್ತಾರೆ?

ಅಂದಿನಿಂದ ಕುಚ್ಚಣ್ಣನ ಬೆಳಗು ಮರದಿಂದ ಮರಕ್ಕೆ ಹೋಗಿ ಗೀರು ಓದುವುದರಲ್ಲೇ ಕಳೆಯಿತು. ಒಂದು ತುಂಡನ್ನು ಬಿಟ್ಟು ಇನ್ನೊಂದು ಹಾಕಿದರೆ, ಅದಕ್ಕೂ ಒಂದು ಗೀರು. ಅದನ್ನೂ ಬಿಟ್ಟರೆ, ಹಾಗೆ ಬಿಡುವುದಕ್ಕೂ ಒಂದು ಗೀರು. ನೊಣ ಹಿಡಿಯಲು ಹೊತ್ತಿಲ್ಲ. ಬಾಲದ ಕುಚ್ಚು ಧೂಳು ಹಿಡಿದು ಜೋತುಬಿತ್ತು. "ನೀನು ಕೂಗುವ ಹಕ್ಕಿಯೋ, ತೊಗಟೆ ಓದುವ ಹಕ್ಕಿಯೋ?" ಎಂದು ಗೂಡಿನಲ್ಲಿ ಮೂರು ಮೊಟ್ಟೆಗೆ ಕಾವು ಕೊಡುತ್ತಿದ್ದ ಹೆಂಡತಿ ಕೇಳಿದಳು.

ಕೊನೆಗೆ ಹರಟೆಮಲ್ಲರ ದೊಡ್ಡಕ್ಕ ತಲೆ ತಗ್ಗಿಸಿಕೊಂಡು ಬಂದಳು.

"ಕುಚ್ಚಣ್ಣ, ಬೇಜಾರು ಮಾಡ್ಕೋಬೇಡ. ನಾವೂ ಒಂದು ಗೀರು ಹಾಕಿಸಿದೆವು. ಕಚಕಚ ಬೈಯುತ್ತೇವಲ್ಲ, ಅದಕ್ಕೆ."

"ನೀವೂನಾ ಅಕ್ಕ?"

"ಬೇರೆಯವರು ಹಾಕಿಸಿಕೊಂಡುಬಿಟ್ಟರೆ ನಾವು ಬೈಯೋದು ಹೇಗೆ ಹೇಳು! ಬೈಯದೆ ಏಳು ಜನ ಒಂದು ಪೊದೆಯಲ್ಲಿ ಬಾಳೋಕಾಗುತ್ತಾ? ನೀನು ಮಾತ್ರ ಎಷ್ಟು ಬೇಕಾದರೂ ಬಳಸಿಕೋ, ಬಿಟ್ಟಿಯಾಗಿ."

"ನನ್ನಿಂದ ಮೈನಾ ಕಲಿತರೆ?"

"ಅವನು ಬಂದು ನಮ್ಮನ್ನು ಬೇರೆಯಾಗಿ ಕೇಳಬೇಕು."

"ಮೈನಾನಿಂದ ಪಿಕಳಾರ ಕಲಿತರೆ?"

"ಅವಳೂ ಕೇಳಬೇಕು. ರಾಯರು ಹಾಗೇ ಬರೆದಿದ್ದಾರೆ."

"ಮುಂದಕ್ಕೆ ಕೊಡಲಾರದ್ದನ್ನು ನಾನು ಹೇಗೆ ತಗೊಳ್ಳಲಿ ಅಕ್ಕ? ಒಬ್ಬನೇ ಬಾಯಲ್ಲಿಟ್ಟುಕೊಂಡರೆ ಅದು ಕೂಗಲ್ಲ," ಎಂದ ಕುಚ್ಚಣ್ಣ. ಜಗಳವಾಡುವಷ್ಟು ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

ನಾಲ್ಕನೆಯ ದಿನ ಗಿಡುಗ ಬಂತು.

ಕುಚ್ಚಣ್ಣ ಅದನ್ನು ಎಲ್ಲರಿಗಿಂತ ಮೊದಲು ಕಂಡ. ಬಾಯಿ ತೆರೆದ. ಎರಡು ಗಿಡ್ಡ ಒಂದು ಉದ್ದ... ಕೊಕ್ಕರೆಯದು. ಒಂದು ಉದ್ದ ಎರಡು ಗಿಡ್ಡ... ಮಂಗಟ್ಟೆಯದು. ಮೂರೂ ಗಿಡ್ಡ? ಮೊನ್ನೆ ಬಿದಿರಿನ ಹತ್ತಿರದ ಮರದಲ್ಲಿ ಓದಿದ ನೆನಪು. ತಪ್ಪಿ ಕೂಗಿದರೆ ಕರಡಿ ಬಂದು ಮರ ಅಲುಗಿಸುತ್ತದೆ. ಗೂಡಿನಲ್ಲಿ ಮೂರು ಮೊಟ್ಟೆ. ನಾಲ್ಕೂ ಗಿಡ್ಡ?

ಅಷ್ಟೇ ಹೊತ್ತು. ಕಣ್ಣು ಮಿಟುಕಿಸುವಷ್ಟು. ಕೊನೆಗೆ ಕುಚ್ಚಣ್ಣನ ಗಂಟಲಿನಿಂದ ಯಾರಿಗೂ ಸೇರದ, ಯಾರಿಗೂ ಅರ್ಥವಾಗದ ಒಂದು ಕೀರಲು ಸದ್ದು ಹೊರಟಿತು. ಕೆಳಗೆ ಹರಟೆಮಲ್ಲರು, "ಇದೇನಿದು, ಕುಚ್ಚಣ್ಣನಿಗೆ ನೆಗಡಿಯೇ?" ಎಂದು ತಲೆಯೆತ್ತಿ ನೋಡಿದರು. ಗಿಡುಗ ಇಳಿಯಿತು, ಎದ್ದಿತು. ಏಳು ಜನ ಅಕ್ಕತಂಗಿಯರು ಆರು ಜನ ಆದರು.

ಅಂದು ಆ ಪೊದೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ.

ಕುಚ್ಚಣ್ಣ ನೇರ ನೇರಳೆ ಮರಕ್ಕೆ ಹಾರಿದ. ಅಲ್ಲಿ ಕರಡಿರಾಯರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಗುರ್. ಗುರ್. ಗುರ್ರ್ರ್ರ್ರ್. ಪಕ್ಕದಲ್ಲಿ ಧ್ಯಾನಪ್ಪ ಒಂಟಿಕಾಲಲ್ಲಿ ನಿಂತು, ಒಂದೊಂದು ಗೊರಕೆಗೂ ಕೊಕ್ಕಿನಿಂದ ನೆಲಕ್ಕೆ ಒಂದೊಂದು ಚುಕ್ಕೆ ಇಡುತ್ತಿದ್ದ.

"ರಾಯರೇ, ಎದ್ದೇಳಿ!" ಕುಚ್ಚಣ್ಣ ಕೂಗಿದ.

ರಾಯರು ಎದ್ದರು. ಕೊಕ್ಕರೆ ಬಗ್ಗಿ ನಮಸ್ಕರಿಸಿ, "ಈ ಮಧ್ಯಾಹ್ನ ನಲವತ್ತೆರಡು ಗೊರಕೆ, ನಲವತ್ತೆರಡು ಕಪ್ಪೆ, ರಾಯರೇ. ಎರಡು ಗಿಡ್ಡ, ಒಂದು ಉದ್ದ. ಯಾವ ಕಾರಣಕ್ಕಾದರೂ ಸರಿ ಎಂದು ತಾವೇ ಗೀರಿದ್ದೀರಿ," ಎಂದು ಪಿಸುಗುಟ್ಟಿದ.

ರಾಯರ ಕಣ್ಣು ಕೆಂಪಗಿತ್ತು. "ನಾಲ್ಕು ದಿನದಿಂದ ಹೀಗೇ ಎಬ್ಬಿಸಿ ಎಬ್ಬಿಸಿ ಲೆಕ್ಕ ಹೇಳ್ತಾನೆ ಮಾರಾಯ," ಎಂದು ಕುಚ್ಚಣ್ಣನ ಕಡೆ ತಿರುಗಿ ಗೋಳಾಡಿದರು. "ಗೊರಕೆ ಹೊಡೆಯದೆ ಮಲಗೋದು ಹೇಗೆ? ಕೂತೇ ನಿದ್ದೆ ಮಾಡಿ ನೋಡಿದೆ, ನೀರಲ್ಲಿ ಮೂಗು ಮುಳುಗಿಸಿ ನೋಡಿದೆ."

"ಹಾಗಾದರೆ ಆ ಗೀರು ಅಳಿಸಿಬಿಡಿ ರಾಯರೇ. ಇವತ್ತು ಒಂದು ಜೀವ ಹೋಯಿತು."

ಕರಡಿರಾಯರು ತಮ್ಮ ಉಗುರುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಎಳೆಯೋ ಉಗುರು ಇದೆ. ಅಳಿಸೋ ಉಗುರು ದೇವರು ಕೊಟ್ಟಿಲ್ಲ. ತೊಗಟೆ ಹಳೆಯದಾಗಿ ತಾನೇ ಉದುರಬೇಕು."

"ಎಷ್ಟು ದಿನ?"

"ಇಪ್ಪತ್ತು ಮಳೆಗಾಲ."

"ಕಾಜಾಣಕ್ಕೆ ಅಷ್ಟು ಆಯುಸ್ಸೇ ಇಲ್ಲ, ರಾಯರೇ," ಎಂದ ಕುಚ್ಚಣ್ಣ. ಕೋಪದಿಂದಲ್ಲ. ದಾರಿ ಕೇಳಿದವರಿಗೆ ದೂರ ಹೇಳುವ ಹಾಗೆ.

ಮೊಟ್ಟೆಯೊಡೆದು ಮರಿಗಳಿಗೆ ರೆಕ್ಕೆ ಬಲಿಯುವವರೆಗೆ ಕಾದು, ಕುಚ್ಚಣ್ಣ ಹೊರಟ. ಆರು ಅಕ್ಕತಂಗಿಯರೂ ಹೊರಟರು. ಮರಕುಟಿಗ, ಮೈನಾ, ಪಿಕಳಾರ ಎಲ್ಲರೂ ಹಿಂದೆ ಬಂದರು. ಹಳ್ಳ ದಾಟಿ, ಎರಡು ಗುಡ್ಡ ಇಳಿದು, ಕರಡಿಯ ಉಗುರು ಮುಟ್ಟದ ಕುರುಚಲು ಕಾಡಿನಲ್ಲಿ ನೆಲೆಯಾದರು. ಅಲ್ಲಿ ಮರ ಗಿಡ್ಡ, ಹುಳ ಕಡಿಮೆ. ಅಲ್ಲಿಯ ಹಕ್ಕಿಗಳಿಗೆ ಇವನ ಕೂಗು ಗೊತ್ತಿರಲಿಲ್ಲ. ಮೊದಲಿನಿಂದ ಕಲಿಸಬೇಕು. ಕುಚ್ಚಣ್ಣ ಬೆಳಗ್ಗೆ ಎದ್ದು ಕೂಗುತ್ತಿದ್ದ. ಅರ್ಧ ಹಕ್ಕಿಗಳು ಅಡಗುತ್ತಿದ್ದವು, ಅರ್ಧ ಸುಮ್ಮನೆ ನೋಡುತ್ತಿದ್ದವು. ತಿರುಗಿ ಕೂಗುತ್ತಿದ್ದ.

ಇತ್ತ ಕೊಳದ ದಡ ನಿಶ್ಶಬ್ದವಾಯಿತು. ಎಷ್ಟು ನಿಶ್ಶಬ್ದವೆಂದರೆ, ಮೀನು ಕೆಮ್ಮಿದರೂ ಕೇಳಿಸುತ್ತಿತ್ತು. "ನೋಡು, ನನ್ನ ಗೀರನ್ನು ಎಷ್ಟು ಗೌರವಿಸುತ್ತಾರೆ!" ಎಂದು ಧ್ಯಾನಪ್ಪ ಹೆಂಡತಿಗೆ ಹೇಳಿಕೊಂಡ. ಆ ಮೌನದಲ್ಲೇ ಅವರಿಗೆ ಮೂರು ಮರಿಗಳಾದವು. ಮರದ ತುದಿಯ ಗೂಡಿನಲ್ಲಿ ಬೆಳೆದವು. ಎಚ್ಚರಿಕೆಯ ಕೂಗು ಎಂಬುದೊಂದಿದೆ ಎಂದು ಅವು ಕೇಳಿಯೇ ಇರಲಿಲ್ಲ.

ಒಂದು ದಿನ ಕುಚ್ಚಣ್ಣ ಮೈ ತೊಳೆಯಲೆಂದು ಹಳ್ಳದವರೆಗೆ ಬಂದಿದ್ದ. ನೀರಿಗೆ ಒಮ್ಮೆ ಮುಳುಗಿ ಎದ್ದು ರೆಕ್ಕೆ ಕೊಡವುವಾಗ ಆಚೆ ಆಕಾಶದಲ್ಲಿ ಕಂಡ: ಜುಟ್ಟಿನ ಗಿಡುಗ, ನೆಟ್ಟಗೆ ಕೊಕ್ಕರೆಯ ಗೂಡಿನ ಕಡೆಗೆ.

ಈ ಸಲ ಅವನು ಯಾವ ತೊಗಟೆಯನ್ನೂ ನೆನೆಯಲಿಲ್ಲ. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಕೂಗಿದ. ಎರಡು ಗಿಡ್ಡ, ಒಂದು ಉದ್ದ. ಹದಿನೇಳು ತುಂಡನ್ನೂ ಕೂಗಿದ.

ಮೂರು ಮರಿಗಳೂ ಕತ್ತು ಉದ್ದ ಮಾಡಿ, ಗೂಡಿನಿಂದ ತಲೆ ಎತ್ತಿ, ಈ ಚಂದದ ಸದ್ದು ಎಲ್ಲಿಂದ ಬಂತೆಂದು ನೋಡಿದವು.

ಕೆಳಗೆ ನೀರಿನಲ್ಲಿ ಧ್ಯಾನಪ್ಪ ಬೆಚ್ಚಿಬಿದ್ದ. ಆ ದಡದಲ್ಲಿ ಕೂಗಿನ ಅರ್ಥ ತಿಳಿದಿದ್ದವನು ಅವನೊಬ್ಬನೇ. 'ಮರಿಗಳೇ, ಬಗ್ಗಿ' ಎಂದು ಕೂಗಲು ದನಿಯಿಲ್ಲ. ಕೊಕ್ಕನ್ನು ಕಟಕಟಕಟ ಬಡಿದ. ಅಪ್ಪ ಕೊಕ್ಕು ಬಡಿದನೆಂದರೆ ಊಟ ಬಂತು ಎಂದು ಮರಿಗಳಿಗೆ ಅಭ್ಯಾಸ. ಅವು ಬಾಯಿಯನ್ನೂ ತೆರೆದುಕೊಂಡು ಮೇಲೆ ನೋಡಿದವು.

ಗಿಡುಗ ಒಂದನ್ನು ಒಯ್ದಿತು.

ಐದು ದಿನದ ಮೇಲೆ ಧ್ಯಾನಪ್ಪ ಎರಡು ಗುಡ್ಡ ದಾಟಿ ಕುರುಚಲು ಕಾಡಿಗೆ ಬಂದ. ಕಾಲುಗಳು ಊದಿಕೊಂಡಿದ್ದವು.

"ಕುಚ್ಚಣ್ಣ, ಉಳಿದ ಎರಡು ಮರಿಗಳಿಗೆ ಆ ಕೂಗಿನ ಅರ್ಥ ಕಲಿಸಪ್ಪ. ಕೊಳಕ್ಕೆ ಬಾ. ನನ್ನ ಗೀರಿನ ಅಡ್ಡಿ ಇಲ್ಲ. ಕಪ್ಪೆ ಬೇಡ."

"ನಿಮ್ಮದು ಒಂದು ಗೀರು ಧ್ಯಾನಪ್ಪನವರೇ. ಉಳಿದ ಹದಿನಾರು ತುಂಡಿನವು?"

"ಅದಕ್ಕೇ ನಾಲ್ಕು ದಿನ ಮರ ಮರ ಸುತ್ತಿದೆ," ಕೊಕ್ಕರೆ ದಣಿದು ಕೂತುಬಿಟ್ಟ. "ಮಂಗಟ್ಟೆ, ಒಪ್ಪಂದ ನಿನಗೆ ಮಾತ್ರ, ನಿನ್ನ ಮರಿಗಳಿಗಲ್ಲ ಅಂತಾನೆ. ನವಿಲು ಮಳೆಗಾಲ ಮುಗಿಯಲಿ, ಈಗ ಕುಣಿತ ಇದೆ ಅಂತಾನೆ. ಉಸಿರು ಎಳೆದುಕೊಳ್ಳೋದಕ್ಕೆ ಗೀರು ಹಾಕಿಸಿದವನು ಯಾರು ಅಂತ ಇನ್ನೂ ಪತ್ತೆಯಾಗಿಲ್ಲ. ಕಾಲು ಸೋತುಹೋಯಿತು ಕಣಪ್ಪ."

ಕುಚ್ಚಣ್ಣನಿಗೆ ಹೇಳಬೇಕಾದ ಮಾತುಗಳು ಬೇಕಾದಷ್ಟಿದ್ದವು. ಎಷ್ಟೋ ಬೆಳಗ್ಗೆ ತೊಗಟೆ ಓದುತ್ತ ಅವನ್ನು ಮಸೆದು ಮಸೆದು ಇಟ್ಟುಕೊಂಡಿದ್ದ. ಈಗ ಆ ಊದಿದ ಕಾಲುಗಳನ್ನು ನೋಡಿ ಅವನ್ನೆಲ್ಲ ಬದಿಗಿಟ್ಟು, ಕೆಳಗಿನ ಕೊಂಬೆಗೆ ಇಳಿದು ಬಂದ. ಅವನಿಗೂ ಸುಸ್ತಾಗಿತ್ತು.

"ಮರಿಗಳು ಹಾರುವ ಹಾಗಾದ ಮೇಲೆ ಇಲ್ಲಿಗೇ ಕರೆತನ್ನಿ. ಇಲ್ಲಿ ಗೀರಿಲ್ಲ. ಅಲ್ಲಿಯವರೆಗೆ ಗೂಡಿನ ಮೇಲೆ ನಿಮ್ಮ ರೆಕ್ಕೆ ಹರಡಿಕೊಂಡು ಕೂತಿರಿ. ಬೇರೆ ದಾರಿ ಇಲ್ಲ."

"ಏನು ಕೊಡಬೇಕು?"

"ಏನೂ ಬೇಡ. ಮರಿಗಳು ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳಿಕೊಡಬೇಕು, ತಡೆಯಬಾರದು. ಅಷ್ಟೇ."

"ಅಷ್ಟೇನಾ?" ಎಂದ ಧ್ಯಾನಪ್ಪ ಹಿಂದೆ ಮುಂದೆ ಇದ್ದ ಗಿಡಗಳನ್ನೆಲ್ಲ ಕತ್ತು ತಿರುಗಿಸಿ ನೋಡಿದ.

"ಏನ್ರೀ, ಗೀರು ಹಾಕಿಸೋಕೆ ಒಳ್ಳೆ ತೊಗಟೆ ಹುಡುಕ್ತಿದೀರಾ?" ಎಂದು ಪೊದೆಯೊಳಗಿನಿಂದ ದೊಡ್ಡಕ್ಕ ಕೇಳಿದಳು. ಉಳಿದ ಐವರೂ ಕಚಕಚ ಬೈದರು.

ಕೊಕ್ಕರೆ ತಲೆ ತಗ್ಗಿಸಿದ.

ಮಳೆ ನಿಂತ ಮೇಲೆ ಎರಡು ಮರಿಗಳೂ ಬಂದವು. ಕುಚ್ಚಣ್ಣ ಕೂಗಿದ. ಅವು ಕತ್ತು ಎತ್ತಿದವು. "ಎತ್ತೋದಲ್ಲ, ಬಗ್ಗೋದು," ಎಂದು ತಿರುಗಿ ಕೂಗಿದ. ಎಷ್ಟನೆಯ ಸಲವೋ, ಲೆಕ್ಕ ಇಟ್ಟವರಿಲ್ಲ, ಎರಡೂ ಒಟ್ಟಿಗೆ ಹುಲ್ಲಿನೊಳಗೆ ತಲೆ ಹುದುಗಿಸಿದವು. ಪಕ್ಕದಲ್ಲಿ, ಯಾರೂ ಹೇಳದೆಯೇ, ಅವುಗಳ ಅಪ್ಪನೂ ತನ್ನ ಉದ್ದ ಕೊಕ್ಕನ್ನು ಹುಲ್ಲಿಗೆ ತೂರಿಸಿಕೊಂಡು ಬಗ್ಗಿದ್ದ.

"ಹಾಂ. ಇನ್ನೊಂದು ಸಲ," ಎಂದ ಕುಚ್ಚಣ್ಣ, ಉಸಿರು ಎಳೆದುಕೊಳ್ಳುತ್ತ.

ನೀತಿ: ಹಲವರು ಹಂಚಿಕೊಂಡು ಬೆಳೆಸಿದ ವಿದ್ಯೆಗೆ ಒಬ್ಬನೇ ಒಡೆಯನಾಗಲು ಹೊರಟವನು ಮೊದಲು ಇತರರ ಬಾಯಿ ಕಟ್ಟುತ್ತಾನೆ, ಕೊನೆಗೆ ತನಗೆ ಬೇಕಾದಾಗ ಕೂಗುವವರೇ ಇರುವುದಿಲ್ಲ.